ಖರ್ಜೂರದ ಸುಳಿ ಕೊಳೆತಾಗ ನಾನು ನೋಡುವುದು ಹೀಗೆ

ಚಿಂತಾಮಣಿ ಕಡೆ ಟೊಮೇಟೊ ಬೆಳೆದವರಿಗೆ ಗಾಜಿನ ಲೋಟದ ಪರೀಕ್ಷೆ ಗೊತ್ತೇ ಇರುತ್ತದೆ. ಸೊರಗಿದ ಗಿಡದ ಕಾಂಡ ಕತ್ತರಿಸಿ ತಿಳಿನೀರಿಗೆ ಇಳಿಬಿಟ್ಟರೆ ಸ್ವಲ್ಪ ಹೊತ್ತಿಗೇ ಹಾಲಿನಂಥ ಎಳೆ ಇಳಿಯುತ್ತದೆ. ದುಂಡಾಣು, ಅಂದರೆ ಬ್ಯಾಕ್ಟೀರಿಯಾ, ತರುವ ಸೊರಗು ರೋಗ, ಸಂಶಯವೇ ಬೇಡ. ಬರ್ಹಿ ತಳಿಯ ಖರ್ಜೂರ ಹಾಕಿದ ಮೇಲೆ ಅದೇ ಲೋಟ ಈ ತೋಟಕ್ಕೂ ಬಂತು. ಆದರೆ ಇಲ್ಲಿ ಅದನ್ನು ಅರ್ಧ ಮಾತ್ರ ನಂಬುತ್ತೇನೆ. ಕೊಳೆತ ಸುಳಿಯ ತುಂಡು ಯಾವುದನ್ನು ಹಾಕಿದರೂ ನೀರು ಕದಡುತ್ತದೆ. ಕೊಳೆ ಶುರುಮಾಡಿದ್ದು ಹುಳವಿರಲಿ, ಶಿಲೀಂಧ್ರವಿರಲಿ, ಗಾಯವಾದ ಕಡೆ ದುಂಡಾಣು ಬಂದು ಸೇರಿಯೇ ಸೇರುತ್ತದೆ.

ಅದಕ್ಕೇ ನಾನು ಮೊದಲು ಹುಡುಕುವುದು ತೂತು. ಎಲೆಬುಡದ ನಾರು ಬಿಡಿಸಿದಾಗ ಅಗಿದು ಹಾಕಿದ ಸಿಬಿರು, ಕಂದು ಅಂಟು, ನಾರು ಸುತ್ತಿದ ಗೂಡು ಸಿಕ್ಕಿದರೆ ಅದು ಕೆಂಪು ಮೂತಿ ಹುಳುವಿನ ಕೆಲಸ. ತೋಟಕ್ಕೆ ಬರುವ ತಾತ ಒಬ್ಬರು ಮರದ ಹತ್ತಿರ ಹೋದರೆ ಸಾಕು, "ಹುಳಿ ಹೆಂಡದ ವಾಸ್ನೆ ಕಣಪ್ಪಾ, ಒಳಗೆ ಹುಳ ಐತೆ" ಅಂದುಬಿಡುತ್ತಾರೆ. ಈಚಲು ಮರಗಳ ನಡುವೆ ಬೆಳೆದ ಮೂಗು. ಇಂಥ ಮರಕ್ಕೆ ಅಂಗಡಿಯವರು ಕೊಡುವ ಆಂಟಿಬಯೋಟಿಕ್ ಪುಡಿ ಸುರಿದು ಏನೂ ಆಗದು, ಹುಳ ಒಳಗೆ ಆರಾಮಾಗಿ ತಿನ್ನುತ್ತಿರುತ್ತದೆ.

ತೂತಿಲ್ಲದಿದ್ದರೆ ಸುಳಿಗರಿ ಹಿಡಿದು ಮೇಲಕ್ಕೆ ಎಳೆಯುತ್ತೇನೆ. ಆರೋಗ್ಯವಾಗಿದ್ದರೆ ಅಲ್ಲಾಡುವುದಿಲ್ಲ, ಕೊಳೆತಿದ್ದರೆ ಸಲೀಸಾಗಿ ಕೈಗೆ ಬರುತ್ತದೆ. ಬುಡ ಲೋಳೆಯಾಗಿ, ನೀರೊಡೆದು, ಮೂಗು ಮುಚ್ಚಿಕೊಳ್ಳುವಂಥ ನಾತ ಬಂದರೆ ದುಂಡಾಣುವಿನ ಅನುಮಾನ. ಸುಟ್ಟ ಹಾಗೆ ಕರ್ರಗೆ, ಗಟ್ಟಿಯಾಗಿದ್ದರೆ ಥಿಲೇವಿಯಾಪ್ಸಿಸ್ ಶಿಲೀಂಧ್ರದ ಕಡೆ ನೋಡಬೇಕು. ಗರಿಯ ಮೇಲೆ ಕಪ್ಪು ಗುಳ್ಳೆ ಎದ್ದು ಹಳದಿ ಪುಡಿ ಉದುರಿದರೆ ಗ್ರಾಫಿಯೋಲಾ, ಅದೂ ಶಿಲೀಂಧ್ರವೇ. ಬದುವಿನ ಈಚಲಿನಲ್ಲೂ ಅದು ಬರುತ್ತದೆ, ಗಾಬರಿ ಬೇಡ.

ಮೂಗಿನ ತೀರ್ಮಾನ ಅನುಮಾನದವರೆಗೆ ಅಷ್ಟೇ, ಉಳಿದದ್ದು ಪ್ರಯೋಗಾಲಯಕ್ಕೆ. ಅಲ್ಲಿಗೆ ಕಳಿಸುವ ಚೂರು ಪೂರ್ತಿ ಕೊಳೆತದ್ದಾಗಿರಬಾರದು. ಕೊಳೆ ಮುಂದೆ ಹಬ್ಬುತ್ತಿರುವ ಅಂಚನ್ನು, ಅರ್ಧ ಬಿಳಿ ಅರ್ಧ ಕಂದು ಇರುವಂತೆ, ಕತ್ತರಿಸುತ್ತೇನೆ. ಪೇಪರಿನಲ್ಲಿ ಸುತ್ತುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ದಾರಿಯಲ್ಲೇ ಬೇರೆ ದುಂಡಾಣು ತುಂಬಿಕೊಂಡರೆ ವರದಿಗೆ ಅರ್ಥವಿಲ್ಲ. ಮರದಿಂದ ಮರಕ್ಕೆ ಹೋಗುವಾಗ ಕುಡುಗೋಲನ್ನು ಸ್ಪಿರಿಟ್‌ನಲ್ಲಿ ಒರೆಸುವುದು ತಪ್ಪಿಸುವುದಿಲ್ಲ.

ಲೋಟಕ್ಕೂ ಮೂಗಿಗೂ ಸಿಗದ್ದು ಒಂದಿದೆ, ಫೈಟೋಪ್ಲಾಸ್ಮಾ. ಕೋಶಭಿತ್ತಿಯೇ ಇಲ್ಲದ ದುಂಡಾಣು. ನಮ್ಮ ಬದನೆಯ ಸಣ್ಣ ಎಲೆ ರೋಗ ಇದೇ ಜಾತಿಯದು, ಜಿಗಿಹುಳು ಹರಡುತ್ತದೆ. ಸೌದಿಯಲ್ಲಿ ಖರ್ಜೂರಕ್ಕೆ ಬರುವ ಅಲ್ ವಿಜಾಮ್ ರೋಗದಲ್ಲೂ ಫೈಟೋಪ್ಲಾಸ್ಮಾ ಸಿಕ್ಕಿದೆ. ಹೊಸ ಗರಿ ಗಿಡ್ಡವಾಗುತ್ತದೆ, ಹಳದಿ ಗೆರೆ ಮೂಡುತ್ತದೆ, ಮರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಕೊಳೆಯೂ ಇಲ್ಲ, ನಾತವೂ ಇಲ್ಲ. ಪ್ರಯೋಗಾಲಯದಲ್ಲಿ ರೋಗಾಣು ಬೆಳೆಸಿ ನೋಡುವ ಮಾಮೂಲಿ ಕಲ್ಚರ್ ತಟ್ಟೆಯಲ್ಲಿ ಇದು ಬೆಳೆಯುವುದಿಲ್ಲವಾದ್ದರಿಂದ ಇಂಥ ಲಕ್ಷಣ ಕಂಡರೆ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಆಗಬೇಕೆಂದು ಚೀಟಿಯಲ್ಲೇ ಬರೆದು ಕಳಿಸಬೇಕು. ವರದಿ ಬರುವ ತನಕ ಆ ಮರದ ಬುಡದ ಮರಿಯನ್ನು ನಾನು ಯಾರಿಗೂ ಕೊಡುವುದಿಲ್ಲ, ನೆಂಟರು ಕೇಳಿದರೂ.