ಮೊದಲು ತನ್ನ ಮೈ, ಆಮೇಲೆ ಮತ್ತೊಬ್ಬರದು: ಥಾಯ್ ಯೋಗ ಕಲಿಯುವ ಬಗೆ

ಬೆಳಿಗ್ಗೆ ಎದ್ದವರು ಕೈಗಳನ್ನು ಮೇಲೆತ್ತಿ ಮೈಮುರಿಯುತ್ತಾರೆ. ನಡೆದು ದಣಿದವರು ಕುಳಿತಲ್ಲೇ ಮೀನಖಂಡವನ್ನು ಒತ್ತಿಕೊಳ್ಳುತ್ತಾರೆ. ಈ ಎರಡನ್ನೂ ಉಸಿರಿನೊಂದಿಗೆ ಹೊಂದಿಸಿ ಮಾಡುವ ವಿದ್ಯೆಯೇ ಥಾಯ್ಲೆಂಡಿನ ಸಾಂಪ್ರದಾಯಿಕ ಯೋಗ. ಅಲ್ಲಿ ಇದನ್ನು ‘ರೂಸೀ ದತ್ ತೊನ್’ ಎನ್ನುತ್ತಾರೆ. ರೂಸೀ ಎಂದರೆ ನಮ್ಮ ಋಷಿಯೇ. ದತ್ ತೊನ್ ಎಂದರೆ ತನ್ನ ಮೈಯನ್ನು ತಾನೇ ಬಗ್ಗಿಸಿ ಸರಿಪಡಿಸಿಕೊಳ್ಳುವುದು. ಥಾಯ್ ಮಸಾಜ್ ಕಲಿಯಲು ಹೊರಡುವ ಬಹುಮಂದಿ ಇದನ್ನು ಬಿಟ್ಟು ನೇರವಾಗಿ ಮತ್ತೊಬ್ಬರ ಮೈಮೇಲೆ ಕೈಯಿಡುತ್ತಾರೆ. ನನ್ನ ಮಟ್ಟಿಗೆ ಅದು ಹಿಂದುಮುಂದಾದ ಕ್ರಮ.

ಬ್ಯಾಂಕಾಕಿನ ವಾಟ್ ಫೋ ಬೌದ್ಧವಿಹಾರದ ಅಂಗಳವನ್ನು ನೋಡಿದರೆ ಎರಡೂ ವಿದ್ಯೆಗಳು ಎಷ್ಟು ಹತ್ತಿರದವೆಂದು ತಿಳಿಯುತ್ತದೆ. ದೊರೆ ಮೂರನೆಯ ರಾಮನ ಆಜ್ಞೆಯಂತೆ 1836ರಲ್ಲಿ ಸತು ಮತ್ತು ತವರ ಬೆರೆಸಿ 80 ಋಷಿಪ್ರತಿಮೆಗಳನ್ನು ಎರಕ ಹೊಯ್ಯುವ ಕೆಲಸ ಇಲ್ಲಿ ಆರಂಭವಾಯಿತು. ಒಂದೊಂದು ಭಂಗಿಗೂ ಒಂದೊಂದು ಪದ್ಯ ರಚಿಸಿ, ಅದು ಯಾವ ನೋವಿಗೆ ಮದ್ದು ಎಂಬುದನ್ನು ಅದರಲ್ಲಿ ಹೇಳಲಾಯಿತು. ಆ ಪ್ರತಿಮೆಗಳಲ್ಲಿ ಈಗ ಉಳಿದಿರುವುದು ಸುಮಾರು ಮೂರನೇ ಒಂದು ಭಾಗ ಮಾತ್ರ. ಅದೇ ವಿಹಾರದ ಶಿಲಾಫಲಕಗಳಲ್ಲಿ ಮಸಾಜ್ ಮಾಡುವವರು ಒತ್ತಬೇಕಾದ ಜಾಗಗಳನ್ನು ಮನುಷ್ಯನ ಆಕೃತಿಯ ಮೇಲೆ ಗೆರೆಗಳಿಂದ ಗುರುತಿಸಲಾಗಿದೆ. ಹೀಗೆ ಸ್ವಂತ ಮೈಗೆ ಮಾಡಿಕೊಳ್ಳುವುದೂ ಮತ್ತೊಬ್ಬರಿಗೆ ಮಾಡುವುದೂ ಒಂದೇ ಆವರಣದಲ್ಲಿ ಪಾಠವಾಗಿ ನಿಂತಿವೆ. ಥಾಯ್ ಮಸಾಜ್ 2019ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು.

ಇವೆರಡನ್ನೂ ಬೆಸೆಯುವುದು ‘ಸೆನ್’ ಎಂಬ ನಾಡಿಗಳ ಕಲ್ಪನೆ. ಥಾಯ್ ವೈದ್ಯದಲ್ಲಿ ಮುಖ್ಯವಾದ ಸೆನ್‌ಗಳು ಹತ್ತು. ಮೊದಲ ಮೂರರ ಹೆಸರು ಇತ್ಥಾ, ಪಿಂಗಖಲಾ, ಸುಮನಾ. ಇಡಾ, ಪಿಂಗಲಾ, ಸುಷುಮ್ನಾ ಎಂದು ಕೇಳಿ ಬಲ್ಲ ಕನ್ನಡಿಗರಿಗೆ ಇವು ತೀರಾ ಅಪರಿಚಿತವಲ್ಲ. ಆದರೆ ಹಾದಿ ಬೇರೆ. ಇತ್ಥಾ ಹೊಕ್ಕುಳ ಬಳಿ ಹೊರಟು ಎಡತೊಡೆಯಲ್ಲಿ ಇಳಿದು, ಮಂಡಿಯಲ್ಲಿ ತಿರುಗಿ, ತೊಡೆಯ ಹಿಂಬದಿಯಿಂದ ಬೆನ್ನಿಗೇರಿ ಎಡ ಮೂಗಿನ ಹೊಳ್ಳೆಯನ್ನು ತಲುಪುತ್ತದೆ ಎಂದು ಅವರು ಹೇಳುತ್ತಾರೆ. ಈ ಹಾದಿಗಳಲ್ಲಿ ಗಾಳಿ ಸರಾಗವಾಗಿ ಸಂಚರಿಸಬೇಕು, ಅದು ಎಲ್ಲಿ ತಡೆದು ನಿಲ್ಲುವುದೋ ಅಲ್ಲಿ ನೋವು ಎಂಬುದು ಪರಂಪರೆಯ ನಂಬಿಕೆ.

ಕಲಿಕೆಗೆ ಬೇಕಾದದ್ದು ದಪ್ಪನೆಯ ಚಾಪೆ ಮತ್ತು ಸಡಿಲವಾದ ಹತ್ತಿ ಬಟ್ಟೆ, ಎಣ್ಣೆ ಬೇಡ. ಥಾಯ್ ಆರೋಗ್ಯ ಸಚಿವಾಲಯ ಜನಸಾಮಾನ್ಯರಿಗೆಂದು ಆಯ್ದುಕೊಟ್ಟಿರುವ 15 ಮೂಲಭಂಗಿಗಳಿಂದ ಆರಂಭಿಸುವುದು ಕ್ಷೇಮ. ಮೊದಲು ಉಸಿರಿನ ಕ್ರಮವನ್ನು ರೂಢಿಸಿಕೊಳ್ಳಿ: ಭಂಗಿಗೆ ಹೋಗುವಾಗ ನಿಧಾನವಾಗಿ ಉಸಿರೆಳೆದುಕೊಂಡು, ಭಂಗಿಯಲ್ಲಿ ಕೆಲವು ಕ್ಷಣ ತಡೆದು, ಸಡಿಲಿಸುವಾಗ ಬಿಡಬೇಕು. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ಉಸಿರನ್ನು ತಡೆಯಬಾರದು.

ಮುಂದಿನ ಹೆಜ್ಜೆ ಕೈಗಳದು. ‘ದೇವತೆಯ ಕೈಮುಗಿತ’ ಎಂಬ ಭಂಗಿಯಲ್ಲಿ ಎದೆಯ ಮುಂದೆ ಅಂಗೈಗಳನ್ನು ಜೋಡಿಸಿ ಬಲವಾಗಿ ಒತ್ತಬೇಕು. ‘ವಜ್ರದುಂಗುರ ತೋರಿಸುವುದು’ ಎಂಬ ಚೆಂದದ ಹೆಸರಿನ ಭಂಗಿಯಲ್ಲಿ ಕೈ ಚಾಚಿ, ಮಣಿಕಟ್ಟನ್ನು ಮೇಲಕ್ಕೆ ಮಡಿಚಿ, ಬೆರಳುಗಳನ್ನು ಒಂದೊಂದಾಗಿ ಬಾಗಿಸಬೇಕು. ಇವನ್ನು ಸಣ್ಣ ವ್ಯಾಯಾಮಗಳೆಂದು ಕಡೆಗಣಿಸಬೇಡಿ. ಮಸಾಜ್ ಕಲಿಯುವವರಿಗೆ ಮೊದಲು ನೋಯುವುದು ಹೆಬ್ಬೆರಳು ಮತ್ತು ಮಣಿಕಟ್ಟು.

ಹೆಚ್ಚು ಸಮಯ ಕೊಡಬೇಕಾದದ್ದು ‘ಕುಳಿತು ಕಾಲು ಒತ್ತಿಕೊಳ್ಳುವ’ ಭಂಗಿಗೆ. ಕಾಲುಗಳನ್ನು ಮುಂದೆ ಚಾಚಿ ಕುಳಿತು, ಅಂಗೈಗಳನ್ನು ತೊಡೆಯ ಮೇಲಿಟ್ಟು, ಮುಂದಕ್ಕೆ ಬಾಗುತ್ತಾ ಹಂತಹಂತವಾಗಿ ಪಾದದವರೆಗೆ ಒತ್ತಿ, ಹಾಗೆಯೇ ಒತ್ತುತ್ತಾ ಹಿಂದಿರುಗಿ. ಆಮೇಲೆ ಒಂದು ಕಾಲನ್ನು ಮಡಿಚಿ, ಮಂಡಿಚಿಪ್ಪಿಗಿಂತ ತುಸು ಮೇಲೆ, ತೊಡೆಯ ಹೊರಮಗ್ಗುಲಲ್ಲಿ ಹೆಬ್ಬೆರಳನ್ನಿಡಿ. ಉಗುರಿನ ತುದಿಯಲ್ಲ, ಬೆರಳಿನ ಮೆತ್ತನೆಯ ತಿರುಳು ಚರ್ಮಕ್ಕೆ ತಾಗಬೇಕು. ನಿಧಾನವಾಗಿ ಭಾರ ಹಾಕಿ. ಸ್ನಾಯು ಮೊದಲು ಎದುರೊತ್ತುತ್ತದೆ. ಒಂದೆರಡು ಉಸಿರು ಕಾದರೆ ಬೆರಳಿನಡಿ ತಾನಾಗಿ ಸಡಿಲಗೊಳ್ಳುತ್ತದೆ. ಹಿತವಾದ ನೋವಿಗೂ ಚುಚ್ಚುವ ನೋವಿಗೂ ಇರುವ ಅಂತರ ಇಲ್ಲಿ ಸ್ವಂತ ತೊಡೆಯಲ್ಲೇ ಮನದಟ್ಟಾಗುತ್ತದೆ. ಈ ಅಂತರವನ್ನು ತನ್ನ ಮೈಯಲ್ಲಿ ಅರಿಯದವರು ಮತ್ತೊಬ್ಬರನ್ನು ಎಷ್ಟು ಒತ್ತಬೇಕೆಂದು ಹೇಗೆ ತಾನೇ ಬಲ್ಲರು?

ಮತ್ತೊಬ್ಬರ ಮೈ ಮುಟ್ಟುವುದು ಇದಾದ ಮೇಲೆಯೇ. ಥಾಯ್ ಮಸಾಜ್‌ನವರು ಬುದ್ಧನ ವೈದ್ಯನಾಗಿದ್ದ ಜೀವಕನನ್ನು ತಮ್ಮ ಮೂಲಗುರುವೆಂದು ನೆನೆದು, ‘ವಾಯ್ ಕ್ರೂ’ ಎಂಬ ಗುರುವಂದನೆ ಸಲ್ಲಿಸಿ ಕೆಲಸಕ್ಕೆ ತೊಡಗುತ್ತಾರೆ. ಮಲಗಿದವರ ಪಾದದಿಂದ ಆರಂಭಿಸಿ ಮೇಲಕ್ಕೆ ಬನ್ನಿ; ಮೊದಲು ಅಂಗೈ, ಆಮೇಲೆ ಹೆಬ್ಬೆರಳು. ತೋಳಿನ ಬಲ ಬಳಸದೆ, ಮೊಣಕೈಗಳನ್ನು ನೇರವಾಗಿಟ್ಟು, ಮೈಯನ್ನೇ ಮುಂದಕ್ಕೆ ತೂಗಿ ಭಾರ ಹಾಕಬೇಕು. ಕಾಲನ್ನು ಮಡಿಚುವಾಗ, ಬೆನ್ನನ್ನು ಹಿಗ್ಗಿಸುವಾಗ ಮಲಗಿದವರು ಉಸಿರು ಬಿಡುವುದನ್ನು ಕಾದು, ಆ ಉಸಿರಿನೊಡನೆಯೇ ಎಳೆಯಿರಿ. ನೀವು ಒಬ್ಬರೇ ಮಾಡುತ್ತಿದ್ದ ಭಂಗಿಗಳನ್ನೇ ಈಗ ಅವರ ಮೈ ನಿಮ್ಮ ಕೈಯಾಸರೆಯಲ್ಲಿ ಮಾಡುತ್ತಿರುತ್ತದೆ. ‘ಥಾಯ್ ಯೋಗ ಮಸಾಜ್’ ಎಂಬ ಹೆಸರು ಹೊರದೇಶಗಳಲ್ಲಿ ಬಳಕೆಗೆ ಬಂದದ್ದು ಸುಮ್ಮನೆ ಅಲ್ಲ.

ಬೆನ್ನುಮೂಳೆಯ ಮೇಲೆ ಎಂದೂ ಒತ್ತಬಾರದು. ಅದರ ಇಕ್ಕೆಲಗಳ ಸ್ನಾಯುವಿನ ಮೇಲೆ ಮಾತ್ರ ಒತ್ತಬೇಕು. ಜ್ವರ, ಮೂಳೆಮುರಿತ, ಉಬ್ಬಿದ ರಕ್ತನಾಳಗಳಿದ್ದವರಿಗೆ ಮಾಡಬೇಡಿ. ಗರ್ಭಿಣಿಯರಿಗೆ ನುರಿತವರಷ್ಟೇ ಮಾಡಬಹುದು. ತೊಡೆಸಂದಿಯಲ್ಲಿ ನಾಡಿಬಡಿತದ ಮೇಲೆ ಅಂಗೈಯೂರಿ ಕೆಲವು ಕ್ಷಣ ಒತ್ತಿಹಿಡಿಯುವ ‘ಗಾಳಿಬಾಗಿಲು ತೆರೆಯುವ’ ಕ್ರಮವೊಂದಿದೆ. ಬಿಟ್ಟೊಡನೆ ಕಾಲಿಗೆ ಬಿಸುಪು ಹರಿಯುವುದು ಹಿತವೆನಿಸಿದರೂ, ಒತ್ತುತ್ತಿರುವುದು ದೊಡ್ಡ ರಕ್ತನಾಳವನ್ನಾದ್ದರಿಂದ ಗುರುಗಳ ಎದುರಿನಲ್ಲಲ್ಲದೆ ಇದನ್ನು ಪ್ರಯತ್ನಿಸಲೇಬಾರದು.

ಗುರುಮುಖೇನ ಕಲಿಯಬಯಸುವವರಿಗೆ 1955ರಲ್ಲಿ ಆರಂಭವಾದ ವಾಟ್ ಫೋ ಶಾಲೆಯಿದೆ. ಉತ್ತರದ ಚಿಯಾಂಗ್ ಮಾಯ್ ನಗರದಲ್ಲೂ ಹಲವು ಶಾಲೆಗಳಿವೆ. ಹೊರಡುವ ಮೊದಲು ಒಂದು ತಿಂಗಳಾದರೂ ಪ್ರತಿದಿನ ಬೆಳಿಗ್ಗೆ ಕೈ ಮತ್ತು ಕಾಲಿನ ಭಂಗಿಗಳನ್ನು ಮಾಡಿ, ದಿನಕ್ಕೊಂದು ತೊಡೆಯಂತೆ ಹೆಬ್ಬೆರಳಿನಿಂದ ಹುಡುಕಿ, ಎಲ್ಲೆಲ್ಲಿ ಬಿಗಿ ಸಿಕ್ಕಿತೆಂದು ಬರೆದಿಟ್ಟುಕೊಳ್ಳಿ. ತರಗತಿಯಲ್ಲಿ ಸೆನ್‌ಗಳ ಚಿತ್ರ ಬಿಡಿಸಿ ತೋರಿಸಿದಾಗ ಆ ಪುಟವನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.