ಡಿಗ್ರಿಯಲ್ಲಿ ಜರ್ಮನ್ ತಗೊಂಡಿದ್ದೀರಾ? ಕನ್ನಡದಿಂದ ಶುರು ಮಾಡಿ

ಎರಡು ಸೆಮಿಸ್ಟರ್ ಜರ್ಮನ್ ಓದಿ, ಒಳ್ಳೆ ಮಾರ್ಕ್ಸೂ ತೆಗೆದು, ಕೊನೆಗೆ ಒಬ್ಬ ಜರ್ಮನ್ ಎದುರು ನಿಂತರೆ ಬಾಯಿ ಕಟ್ಟುತ್ತದೆ ಅಲ್ವಾ? ನನಗೂ ಹಾಗೇ ಆಗಿತ್ತು. ಬೆಂಗಳೂರಲ್ಲಿ ಡಿಗ್ರಿ ಮಾಡುತ್ತಾ ಜರ್ಮನ್ ಕಲಿತೆ. ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿದೆ. ಆಮೇಲೆ ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್ ಅಂತ ದಕ್ಷಿಣ ಜರ್ಮನಿಗೆ ಹೋಗಿ ಬಂದೆ. ನಾನು ಎಡವಿದ ಕಡೆ ನೀವು ಎಡವಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ತಪ್ಪು, ಎಲ್ಲವನ್ನೂ ಇಂಗ್ಲಿಷ್ ಮೂಲಕ ಹಾಯಿಸಿಕೊಂಡು ಮಾತಾಡುವುದು. ಚಳಿ ಆದಾಗ ಇಂಗ್ಲಿಷ್ ನೆನಪಲ್ಲಿ 'ಇಷ್ ಬಿನ್ ಕಾಲ್ಟ್' ಅಂದರೆ 'ನಾನು ತಣ್ಣನೆಯ ಮನುಷ್ಯ' ಅಂದ ಹಾಗಾಗುತ್ತದೆ. ಅವರು ಹೇಳುವುದು 'ಮಿಯರ್ ಇಸ್ಟ್ ಕಾಲ್ಟ್'. ಅಂದರೆ 'ನನಗೆ ಚಳಿ'. ಥೇಟ್ ಕನ್ನಡ! 'ವೈಲ್ ಇಷ್ ಕೈನ ತ್ಸೈಟ್ ಹಾಬ' (ಯಾಕೆಂದರೆ ನನಗೆ ಟೈಮ್ ಇಲ್ಲ) ಅನ್ನುವಾಗ 'ಹಾಬ' ಅನ್ನುವ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ. ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ ಅದು ತಲೆನೋವು, ನಮಗೆ ದಿನಾ ಮಾಡುವ ಕೆಲಸ. 'ದು', 'ಝೀ' ಅಂದರೆ ನೀನು, ನೀವು. ಆದರೆ ನಾವು ವಯಸ್ಸು ನೋಡುತ್ತೇವೆ, ಅವರು ಜಾಸ್ತಿ ನೋಡುವುದು ಸಲಿಗೆಯನ್ನು. ಮನೆಯ ಅಜ್ಜಿಗೆ 'ದು', ಬ್ಯಾಂಕಿನ ಕೌಂಟರಲ್ಲಿ ಕೂತ ಇಪ್ಪತ್ತರ ಹುಡುಗನಿಗೆ 'ಝೀ'. ಕಾಲೇಜಿನ ಹುಡುಗರು ತಮ್ಮತಮ್ಮಲ್ಲಿ ಮೊದಲ ದಿನದಿಂದಲೇ 'ದು'.

ಕನ್ನಡ ಕೈಕೊಡುವುದು ಲಿಂಗದ ವಿಷಯದಲ್ಲಿ. ಊಟದ ಮೇಜಿನ ಮೇಲೆ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ಎರಡೂ ಅಲ್ಲ. ಯಾಕೆ ಅಂತ ಕೇಳಬೇಡಿ. 'ಡೆರ್ ಲ್ಯೋಫೆಲ್, ಡೀ ಗಾಬೆಲ್, ಡಾಸ್ ಮೆಸ್ಸರ್' ಅಂತ ಜೋಡಿಯಾಗಿಯೇ ಬಾಯಿಗೆ ಹಾಕಿಕೊಳ್ಳಿ. ಪಾತ್ರೆ ತೊಳೆಯುವಾಗ ಒಂದೊಂದನ್ನೂ ಎತ್ತಿ ಹೆಸರು ಹೇಳಿ. ಅಮ್ಮ ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ದಿನಾ ಇಪ್ಪತ್ತು ನಿಮಿಷ ಸಾಕು, ಆದರೆ ಬಾಯಿ ಬಿಟ್ಟು ಮಾಡಬೇಕು. ಜರ್ಮನಿಯ ಸುದ್ದಿಸಂಸ್ಥೆ ಡಾಯ್ಚ ವೆಲ್ಲೆಯಲ್ಲಿ ಕಲಿಯುವವರಿಗೆ ಅಂತಲೇ ನಿಧಾನವಾಗಿ ಓದುವ ಸುದ್ದಿ ಬರುತ್ತದೆ, ದುಡ್ಡು ಬೇಡ. ಒಂದು ಸುದ್ದಿ ಆರಿಸಿಕೊಂಡು ಅವರ ಹಿಂದೆ ಹಿಂದೆಯೇ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿಸಿಕೊಳ್ಳಿ. ಮೊದಲ ವಾರ ನಿಮ್ಮ ದನಿ ನಿಮಗೇ ಸಹಿಸಲಾಗುವುದಿಲ್ಲ.

ಇಂಟರ್ನ್‌ಶಿಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಇದನ್ನು ಬಿಟ್ಟು ನೇರ ವಿಮಾನದ ಕನಸು ಕಾಣುತ್ತಾರೆ. ಬೆಂಗಳೂರಲ್ಲಿ ಜರ್ಮನ್ ಗ್ರಾಹಕರ ಇನ್‌ವಾಯ್ಸ್, ಇಮೇಲ್, ಫೋನ್ ನೋಡಿಕೊಳ್ಳುವ ಕೆಲಸ ಸಿಗುತ್ತದೆ. ಬಿ1 ಮಟ್ಟ (ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲಲ್ಲಿ ಮೂರನೆಯದು) ಮುಟ್ಟುತ್ತಿದ್ದಂತೆ ಅರ್ಜಿ ಹಾಕುವುದಕ್ಕೆ ಶುರು ಮಾಡಿ. ನನಗೆ ಇಮೇಲ್ ಸುಲಭವಾಗಿತ್ತು, ಅದೇ ನಾಲ್ಕು ಸಾಲು ತಿರುಗಿಸಿ ಮುರುಗಿಸಿ ಬರೆಯುವುದು. ಫೋನ್ ಹಾಗಲ್ಲ. ಮೂರನೇ ದಿನ ಆ ಕಡೆಯಿಂದ ಒಬ್ಬರು ಬಿಲ್ ನಂಬರ್ ಹೇಳಿದರು. ಕೊನೆಯಲ್ಲಿ 'ಫ್ಯುನ್ಫ್‌ಉಂಟ್‌ದ್ರೈಸಿಷ್'. ಐದು ಕೇಳಿತು, 5 ಬರೆದೆ. ಮೂವತ್ತು ಕೇಳಿತು, ಪಕ್ಕದಲ್ಲಿ 3 ಬರೆದೆ. 35 ಹೋಗಿ 53 ಆಯಿತು, ಬೇರೆ ಯಾರದೋ ಬಿಲ್ ತೆಗೆದು ಅರ್ಧ ಗಂಟೆ ಹುಡುಕಾಡಿದೆ. ಹಿಂದಿಯ ಪೈಂತೀಸ್ ಥರ ಇವರಿಗೂ ಬಿಡಿ ಮೊದಲು, ಹತ್ತು ಆಮೇಲೆ. ಕ್ಲಾಸಿನಲ್ಲಿ ಇದನ್ನು ಕಲಿತಿರಲಿಲ್ವಾ? ಕಲಿತಿದ್ದೆ, ಕೈಗೆ ಬಂದಿರಲಿಲ್ಲ. ಅಂದಿನಿಂದ ನಂಬರನ್ನು ಒಂದೊಂದೇ ಅಂಕಿಯಾಗಿ ತಿರುಗಿ ಓದಿ ಹೇಳುತ್ತೇನೆ. ಫೋನಿನಲ್ಲಿ ಎರಡಕ್ಕೆ 'ತ್ಸ್ವೈ' ಬದಲು 'ತ್ಸ್ವೋ' ಅನ್ನುತ್ತಾರೆ, ಮೂರರ 'ದ್ರೈ' ಜೊತೆ ಗೊಂದಲ ಆಗಬಾರದು ಅಂತ. ಅದೂ ಅಲ್ಲೇ ಕಿವಿಗೆ ಬಿತ್ತು.

ಇನ್ನು ಎಕ್ಸ್‌ಚೇಂಜ್. ಅಲ್ಲಿನ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಿಂದ ಮಾರ್ಚ್, ಬೇಸಿಗೆಯದು ಏಪ್ರಿಲ್‌ನಿಂದ ಸೆಪ್ಟೆಂಬರ್. ನಮ್ಮದಕ್ಕೆ ಹೊಂದುವುದಿಲ್ಲ, ಹಾಗಾಗಿ ಒಂದು ವರ್ಷ ಮುಂಚೆಯೇ ಡಿಪಾರ್ಟ್‌ಮೆಂಟಿನಲ್ಲಿ ವಿಚಾರಿಸಿ. ಅಲ್ಲಿ ಓದುವ ಯಾವ ಪೇಪರಿಗೆ ಇಲ್ಲಿ ಎಷ್ಟು ಕ್ರೆಡಿಟ್ ಅಂತ ಹೊರಡುವ ಮೊದಲೇ ಸಹಿ ಹಾಕಿಸಿಕೊಳ್ಳಿ. ನನಗೆ 'ಬಂದ ಮೇಲೆ ನೋಡೋಣ' ಅಂದಿದ್ದರು. ಬಂದ ಮೇಲೆ ಒಂದು ಪೇಪರ್ ಮತ್ತೆ ಬರೆದೆ.

ರೂಮು ಹುಡುಕುವಾಗ ಜರ್ಮನ್ನರ ಜೊತೆ ಅಡುಗೆಮನೆ ಹಂಚಿಕೊಳ್ಳುವಂಥದ್ದೇ ನೋಡಿ. ನಮ್ಮವರ ಜೊತೆ ಇದ್ದರೆ ಸಾರು ಸಿಗುತ್ತದೆ, ಭಾಷೆ ಸಿಗುವುದಿಲ್ಲ. ಒಂದು ರಾತ್ರಿ ಅಡುಗೆಮನೆಯಲ್ಲಿ ಪಕ್ಕದ ರೂಮಿನ ಹುಡುಗಿ, ನಾಳೆ ಬಸ್‌ಸ್ಟಾಪಿನಲ್ಲಿ 'ಫಿಯರ್ಟೆಲ್ ಆಖ್ಟ್' ಅಂದಳು. ಕಾಲು, ಎಂಟು. ಎಂಟೂಕಾಲು ಅಂತ ಲೆಕ್ಕ ಹಾಕಿ ಆರಾಮಾಗಿ ಹೋದೆ, ಯಾರೂ ಇಲ್ಲ. ಆ ಕಡೆಯ ಲೆಕ್ಕದಲ್ಲಿ ಅದು ಏಳೂಕಾಲು, ಅಂದರೆ ಎಂಟನೇ ಗಂಟೆಯಲ್ಲಿ ಕಾಲು ಭಾಗ ಆಗಿದೆ ಅಂತ. 'ಹಾಲ್ಪ್ ಆಖ್ಟ್' ಅಂದರೂ ಏಳೂವರೆಯೇ, ಅದು ಜರ್ಮನಿ ಪೂರ್ತಿ ಹಾಗೇ. ಟೈಮ್ ಹೇಳಿದಾಗ ನಾಚಿಕೆ ಬಿಟ್ಟು ಫೋನಿನಲ್ಲಿ ಅಂಕಿ ತೋರಿಸಿ ಖಾತ್ರಿ ಮಾಡಿಕೊಳ್ಳಿ.

ನೀವು ತಡವರಿಸಿದ ಕೂಡಲೇ ಅವರು ಇಂಗ್ಲಿಷಿಗೆ ಜಾರುತ್ತಾರೆ. ಉಪಕಾರ ಅಂತಲೇ ಮಾಡುವುದು, ಆದರೆ ನಷ್ಟ ನಿಮಗೆ. 'ದಯವಿಟ್ಟು ಜರ್ಮನ್‌ನಲ್ಲೇ ಮಾತಾಡೋಣ' ಅನ್ನುವ ಸಾಲನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ. ಭಾಷೆಗೆ ಭಾಷೆ ಕೊಡುವ ಟ್ಯಾಂಡೆಮ್ ಜೊತೆಗಾರರನ್ನೂ ಹುಡುಕಿ. ಕನ್ನಡ ಯಾರಿಗೆ ಬೇಕು ಅಂದುಕೊಳ್ಳಬೇಡಿ, ವ್ಯುರ್ತ್ಸ್‌ಬುರ್ಗ್ ಯೂನಿವರ್ಸಿಟಿಯಲ್ಲಿ ಕನ್ನಡ ಕಲಿಸುತ್ತಾರೆ.

ವಾಪಸ್ ಬಂದು ಸುಮ್ನೆ ಕೂರಬೇಡಿ, ಬಿಸಿ ಆರುವ ಮೊದಲೇ ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ, ಅಂದರೆ ಜರ್ಮನ್ ಕಲಿಸುವ ಗೋಥೆ ಇನ್ಸ್ಟಿಟ್ಯೂಟಿನಲ್ಲಿ, ಮುಂದಿನ ಮೆಟ್ಟಿಲಾದ ಬಿ2 ಪರೀಕ್ಷೆಗೆ ಕಟ್ಟಿ. ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ, ಒಂದೊಂದರಲ್ಲೂ 100ಕ್ಕೆ 60 ಬೇಕು, ಬಿದ್ದ ಭಾಗವನ್ನಷ್ಟೇ ಮತ್ತೆ ಬರೆಯಬಹುದು. ನನಗೆ ಬರವಣಿಗೆ ಎರಡನೇ ಸಲಕ್ಕೆ ದಾಟಿತು. ಮಾತು ಮೊದಲ ಸಲವೇ.