ಎದುರು ಪಾರ್ಟಿಯ ಏಜೆಂಟ್‌ಗೆ ನಾನು ಕೊಟ್ಟ 10,500 ಡಾಲರ್

"ಅವರ ಬ್ರೋಕರ್‌ಗೆ ನೀನ್ಯಾಕೋ ದುಡ್ಡು ಕೊಡ್ಬೇಕು?" ಅಂತ ಅಪ್ಪ ಫೋನಲ್ಲಿ ಕೇಳಿದರು. ಬೆಂಗಳೂರಿನಲ್ಲಿ ಅವರು ಸೈಟು ಮಾರಿದಾಗ ಬ್ರೋಕರ್ ಎರಡೂ ಕಡೆಯಿಂದ ಕಮಿಷನ್ ಇಸ್ಕೊಂಡಿದ್ದ. ಅವರವರ ಪಾಲು ಅವರವರು ಕೊಟ್ಟರೆ ಆಯ್ತು, ಅಲ್ವಾ?

ನಾನು ಮಾರಿದ್ದು ನಾರ್ತ್ ಕ್ಯಾರೊಲೈನಾದ ಕೇರಿಯಲ್ಲಿದ್ದ ನಮ್ಮ ಟೌನ್‌ಹೌಸ್ (ಹೌದು, ಊರಿನ ಹೆಸರೇ ಕೇರಿ). 2025ರ ಏಪ್ರಿಲ್. ಅಮೆರಿಕದಲ್ಲಿ ಮೊದಲೆಲ್ಲ ಮಾರುವವರು 5-6% ಕಮಿಷನ್ ಕೊಡುತ್ತಿದ್ದರು, ಅದರಲ್ಲಿ ಸುಮಾರು ಅರ್ಧ ಕೊಳ್ಳುವವರ ಏಜೆಂಟ್‌ಗೆ ಹೋಗುತ್ತಿತ್ತು. ಎಷ್ಟು ಸಿಗುತ್ತದೆ ಅಂತ ಏಜೆಂಟರು ಮಾರಾಟಕ್ಕಿರುವ ಮನೆಗಳನ್ನು ಹಾಕುವ ಎಂಎಲ್‌ಎಸ್ ಪಟ್ಟಿಯಲ್ಲೇ ಕಾಣುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಮಿಸ್ಸೌರಿಯ ಜ್ಯೂರಿ ಈ ಪದ್ಧತಿಯ ವಿರುದ್ಧ ತೀರ್ಪು ಕೊಟ್ಟಿತು. ಮುಂದಿನ ಮಾರ್ಚ್‌ನಲ್ಲಿ ರಿಯಲ್ಟರ್‌ಗಳ (ಅಂದರೆ ಮನೆ ಏಜೆಂಟರ) ರಾಷ್ಟ್ರೀಯ ಸಂಘ 41.8 ಕೋಟಿ ಡಾಲರ್‌ಗೆ ರಾಜಿಯಾಯಿತು. 2024ರ ಆಗಸ್ಟ್ 17ರಿಂದ ಎಂಎಲ್‌ಎಸ್‌ನಲ್ಲಿ ಆ ಅಂಕಿ ಹಾಕುವಂತಿಲ್ಲ. ಕೊಳ್ಳುವವರು ಮನೆ ನೋಡುವ ಮೊದಲೇ ತಮ್ಮ ಏಜೆಂಟ್ ಜೊತೆ ಫೀಸು ಬರೆದು ಸಹಿ ಹಾಕಬೇಕು.

ಇದನ್ನು ಓದಿ ನಾನು ಬೀಗಿದೆ. "ಒಂದು ಡಾಲರೂ ಕೊಡಲ್ಲ" ಅಂತ ನನ್ನ ಏಜೆಂಟ್‌ಗೆ ಹೇಳಿಬಿಟ್ಟೆ. ಆ ವಾರ ಅವಳಿಗೆ ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ಸೆಲ್ಲರ್ ಎಷ್ಟು ಕೊಡ್ತಾರೆ? ಸೊನ್ನೆ ಅಂದಮೇಲೆ ಕೆಲವರು ಮನೆ ನೋಡಲು ಬರಲೇ ಇಲ್ಲ. ಕಾರಣ ಅದೇ ಅಂತ ಸಾಬೀತು ಮಾಡಲಾರೆ. ಆದರೂ ಎರಡನೇ ವಾರ ಉತ್ತರ ಬದಲಿಸಿದೆವು: "ಆಫರ್‌ನಲ್ಲಿ ಬರೆದು ಕೇಳಿ, ನೋಡೋಣ."

ಎರಡು ಆಫರ್ ಬಂದವು. ಒಂದು 5,15,000 ಡಾಲರ್, ಏಜೆಂಟ್ ಫೀಸು ಕೇಳಿರಲಿಲ್ಲ. ಇನ್ನೊಂದು 5,25,000, ಜೊತೆಗೆ ಅವರ ಏಜೆಂಟ್‌ಗೆ 2.5%, ಅಂದರೆ 13,125. ಕಳೆದರೆ ನಮಗೆ 5,11,875. ಮೊದಲನೆಯದೇ ವಾಸಿ ಅನಿಸಿತು.

"ಎರಡನೆಯವರು ಬೆಲೆ ಇಳಿಸಿಕೊಂಡು ಫೀಸು ತಾವೇ ಕೊಡಲಿ" ಅಂದೆ. ಅಡುಗೆಮನೆ ಕಟ್ಟೆಯ ಮೇಲೆ ಬಿಲ್ಲೊಂದನ್ನು ಮಗುಚಿ ನನ್ನ ಏಜೆಂಟ್ ಲೆಕ್ಕ ಬರೆದಳು. ಅವರ ಡೌನ್ ಪೇಮೆಂಟ್ 5% ಮಾತ್ರ. ಬೆಲೆ 13,125 ಇಳಿಸಿದರೆ ಅವರ ಕೈಯಲ್ಲಿ ಉಳಿಯುವುದು ಬರೀ 656 ಡಾಲರ್, ಮಿಕ್ಕಿದ್ದು ಸಾಲದಲ್ಲಿ ಕಮ್ಮಿಯಾಗುತ್ತದೆ. ಏಜೆಂಟ್ ಫೀಸಿಗೆ ಮಾತ್ರ ನಗದು ಬೇಕು, ಅದನ್ನು ಗೃಹಸಾಲಕ್ಕೆ ಸುಮ್ನೆ ಸೇರಿಸಲು ಬರುವುದಿಲ್ಲ. ನಾನು ಕೊಟ್ಟರೆ ಅದು ಬೆಲೆಯೊಳಗೆ ಕೂತು, ಅವರ ಕಂತಿನಲ್ಲಿ ವರ್ಷಗಟ್ಟಲೆ ತೀರುತ್ತದೆ. ಜೇಬು ನನ್ನದಾದರೂ ದುಡ್ಡು ಅವರದೇ ಅಂತ ನನಗೆ ಹೊಳೆದದ್ದು ಆಗಲೇ.

2%ಗೆ ಎಳೆದೆವು, ಒಪ್ಪಿದರು. 10,500 ಕಳೆದು 5,14,500. ಮೊದಲ ಆಫರ್‌ಗಿಂತ 500 ಕಮ್ಮಿ, ಆದರೂ ಇದನ್ನೇ ಹಿಡಿದೆ. ಕಾರಣ ಡ್ಯೂ ಡಿಲಿಜೆನ್ಸ್ ಫೀ, ಅಂದರೆ ಮನೆ ಪರಿಶೀಲಿಸಿ ತೀರ್ಮಾನಿಸುವ ಅವಧಿಗೆ ನಮ್ಮ ರಾಜ್ಯದಲ್ಲಿ ಕೊಡುವ ಹಣ. ಕೊಳ್ಳುವವರು ಇದನ್ನು ನೇರವಾಗಿ ಮಾರುವವರಿಗೆ ಕೊಡುತ್ತಾರೆ. ಅವರೇ ಮನಸ್ಸು ಬದಲಿಸಿದರೆ ವಾಪಸ್ ಸಿಗುವುದಿಲ್ಲ. ಇವರು 5,000 ಕೊಟ್ಟರು, ಮೊದಲ ಆಫರ್‌ನ ಪುಣ್ಯಾತ್ಮ ಬರೆದಿದ್ದು 500. ಬೆಲೆ ಜಾಸ್ತಿ ಇದ್ದದ್ದಕ್ಕೆ ಬ್ಯಾಂಕಿನ ಅಪ್ರೈಸಲ್ (ಮನೆ ಎಷ್ಟು ಬಾಳುತ್ತದೆ ಅನ್ನುವ ಅಂದಾಜು) ಕೈಕೊಡುತ್ತೇನೋ ಅಂತ ಹತ್ತು ದಿನ ನಿದ್ದೆಗೆಟ್ಟೆ. ಸರಿಯಾಗಿಯೇ ಬಂತು.

ಜೂನ್‌ನಲ್ಲಿ ನಾವೇ ಮನೆ ಕೊಳ್ಳಲು ಹೊರಟೆವು. ಮೊದಲ ಮನೆಯ ಬಾಗಿಲು ತೆಗೆಸುವ ಮುಂಚೆಯೇ 2%ಗೆ ಸಹಿ ಹಾಕಿದ್ದಾಯಿತು. ಇಷ್ಟವಾದ ಮನೆಯವರನ್ನು ಫೀಸು ಕೊಡಿ ಅಂತ ಕೇಳಿದರೆ ಅವರು ಒಂದು ಡಾಲರೂ ಕೊಡಲ್ಲ ಅಂದರು. ಅವರಿಗೆ ಇನ್ನೂ ಮೂರು ಆಫರ್ ಇದ್ದವು, ಕೊಡುವ ದರ್ದು ಇರಲಿಲ್ಲ. ನಮ್ಮ ಉಳಿತಾಯದಿಂದಲೇ ಹೋಯಿತು. ಅಪ್ಪನಿಗೆ ಇದನ್ನಿನ್ನೂ ಹೇಳಿಲ್ಲ.